ಲಾರಿಗೆ ಕ್ಲಚ್ ಫ್ಯಾನೋ, ಎಲೆಕ್ಟ್ರಿಕ್ ಫ್ಯಾನೋ? ಘಾಟಿ ಹತ್ತುವ ಮುಂಚೆ ಮಾಡಬೇಕಾದ ಲೆಕ್ಕ

ಗುಂಡ್ಯದಿಂದ ಸಕಲೇಶಪುರದ ಕಡೆ ಲೋಡ್ ಗಾಡಿ ಹತ್ತಿಸಿದವರಿಗೆ ಈ ನೋಟ ಹೊಸದಲ್ಲ. ತಿರುವಿನ ಪಕ್ಕ ಲಾರಿ ನಿಂತಿರುತ್ತದೆ. ಕ್ಯಾಬಿನ್ ಮುಂದಕ್ಕೆ ಬಾಗಿರುತ್ತದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿರುತ್ತಾರೆ. ಕ್ಲೀನರ್ ಹುಡುಗ ಕ್ಯಾನ್ ಹಿಡಿದು ನೀರು ಹುಡುಕಿಕೊಂಡು ಹೋಗಿರುತ್ತಾನೆ. ಡ್ರೈವರ್ ರೇಡಿಯೇಟರ್ ಆರುವುದನ್ನೇ ಕಾಯುತ್ತಾ ಬೀಡಿ ಹಚ್ಚಿರುತ್ತಾನೆ.

ಹೀಗೆ ಒಂದೆರಡು ಸಲ ನಿಂತವರಿಗೆ ಯಾರಾದರೂ ಒಬ್ಬರು ಸಲಹೆ ಕೊಟ್ಟೇ ಕೊಡುತ್ತಾರೆ: "ಆ ಕ್ಲಚ್ ಫ್ಯಾನ್ ಕಿತ್ತು ಎಲೆಕ್ಟ್ರಿಕ್ ಹಾಕಿಸಿ ಸಾರ್. ಹೀಟೂ ಆಗಲ್ಲ, ಡೀಸೆಲ್ಲೂ ಉಳಿಯುತ್ತೆ." ಕ್ಲಚ್ ಫ್ಯಾನ್ ಅಂದರೆ ರೇಡಿಯೇಟರ್‌ಗೆ ಗಾಳಿ ಎಳೆಯಲು ಇಂಜಿನ್ನೇ ತಿರುಗಿಸುವ ಫ್ಯಾನ್; ಎಲೆಕ್ಟ್ರಿಕ್ ಅಂದರೆ ಕರೆಂಟ್ ಮೋಟಾರು ತಿರುಗಿಸುವ ಫ್ಯಾನ್. ಸಲಹೆ ಕೇಳಲು ಚೆನ್ನಾಗಿದೆ. ಕಾರುಗಳಲ್ಲೆಲ್ಲ ಎಲೆಕ್ಟ್ರಿಕ್ಕೇ ಇರುವಾಗ ಲಾರಿಗೆ ಯಾಕಾಗಬಾರದು, ಅಲ್ವಾ? ಆಗಬಹುದು, ಆಗದೆಯೂ ಇರಬಹುದು. ನಿಮ್ಮ ಗಾಡಿ ಎಷ್ಟು ದೊಡ್ಡದು, ಎಲ್ಲಿ ಓಡುತ್ತದೆ, ಇಂಜಿನ್ ಓಡುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಎಷ್ಟು ಕರೆಂಟ್ ಕೊಡುತ್ತದೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ದುಡ್ಡು ಬಿಚ್ಚುವ ಮುಂಚೆ ಈ ಹೆಜ್ಜೆಗಳನ್ನು ಒಂದೊಂದಾಗಿ ನೋಡಿಕೊಂಡು ಹೋಗಿ.

ಹೆಜ್ಜೆ 1: ತಪ್ಪು ಫ್ಯಾನಿನದೇನಾ?

ಗಾಡಿ ಯಾವಾಗ ಹೀಟ್ ಆಗುತ್ತದೆ ಎಂದು ಡ್ರೈವರನ್ನು ಸರಿಯಾಗಿ ಕೇಳಿ. "ಹೀಟ್ ಆಗುತ್ತೆ" ಅಂದರೆ ಸಾಲದು.

ನಿಂತಾಗ, ಟ್ರಾಫಿಕ್‌ನಲ್ಲಿ, ಘಾಟಿಯಲ್ಲಿ ಟೆಂಪರೇಚರ್ ಮೀಟರಿನ ಮುಳ್ಳು ಏರಿ, ಹೈವೇಯಲ್ಲಿ 50-60 ಕಿ.ಮೀ. ವೇಗ ಬಂದ ಮೇಲೆ ತಾನಾಗಿ ಇಳಿಯುತ್ತದಾ? ಹಾಗಿದ್ದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್, ಅದರ ಕ್ಲಚ್, ಬೆಲ್ಟ್ ಅಥವಾ ಫ್ಯಾನ್ ಸುತ್ತಲಿನ ಶ್ರೌಡ್ (ಗಾಳಿಗೆ ದಾರಿ ಮಾಡುವ ಕವಚ) ಕಡೆ ನೋಡಬೇಕು. ಇದಕ್ಕೆ ತದ್ವಿರುದ್ಧವಾಗಿ, ಹೈವೇಯಲ್ಲಿ ಓಡಿಸಿದಷ್ಟೂ ಮುಳ್ಳು ಏರುತ್ತದಾ? ಆಗ ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ. ಆ ವೇಗದಲ್ಲಿ ಎದುರುಗಾಳಿಯೇ ಬೇಕಾದಷ್ಟು ಬರುತ್ತದೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ವಾಟರ್ ಪಂಪ್ ಸವೆದಿರಬಹುದು. ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಾ ಇದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿನ ಕೆಳಗಿನ ಸೀಲ್) ಮೇಲೆ ಅನುಮಾನ ಪಡಿ. ಅದನ್ನು ಯಾವ ಫ್ಯಾನೂ ಸರಿಮಾಡುವುದಿಲ್ಲ.

ರೇಡಿಯೇಟರ್‌ನ ಹೊರಮೈಯನ್ನೂ ಬಗ್ಗಿ ನೋಡಿ. ಈಗಿನ ಗಾಡಿಗಳಲ್ಲಿ ಎದುರಿಗೆ ಎ.ಸಿ. ಕಂಡೆನ್ಸರ್, ಅದರ ಹಿಂದೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಅದರ ಹಿಂದೆ ರೇಡಿಯೇಟರ್ ಇರುತ್ತವೆ. ಮುಂದಿನಿಂದ ನೋಡಿದರೆ ಎಲ್ಲ ಪಳಪಳ ಕಾಣುತ್ತದೆ. ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವೆ ಮಾತ್ರ ಧೂಳು, ಹೊಟ್ಟು, ಸತ್ತ ಹುಳ ಕಂಬಳಿಯಂತೆ ಕೂತಿರುತ್ತದೆ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುವ ಕಡೆ ಓಡಾಡುವ ಗಾಡಿಗಳಲ್ಲಿ ಇದು ಮಾಮೂಲು. ಇಂಜಿನ್ ಕಡೆಯಿಂದ ಹೊರಕ್ಕೆ, ಹಗುರವಾದ ನೀರಿನಲ್ಲಿ ತೊಳೆಯಿರಿ. ವಾಟರ್ ಸರ್ವಿಸ್‌ನ ಜೋರು ಪಿಚಕಾರಿ ಹತ್ತಿರದಿಂದ ಹಿಡಿದರೆ ತೆಳ್ಳನೆ ತಗಡಿನ ಫಿನ್ ಎಲ್ಲ ಮಡಚಿಕೊಳ್ಳುತ್ತವೆ. ಆಮೇಲೆ ಗಾಳಿ ಹೋಗಲು ದಾರಿಯೇ ಇರುವುದಿಲ್ಲ.

ಇನ್ನೊಂದು ಮಾತು. ಹೀಟ್ ಆದ ಕೂಡಲೇ ಥರ್ಮೋಸ್ಟಾಟ್ (ಬಿಸಿ ಆದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಕಿತ್ತು ಬಿಸಾಡುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಎಷ್ಟೋ ಇಂಜಿನ್‌ಗಳಲ್ಲಿ ಅದಿಲ್ಲದಿದ್ದರೆ ನೀರು ರೇಡಿಯೇಟರ್ ಬಿಟ್ಟು ಬೈಪಾಸ್ ದಾರಿಯಲ್ಲೇ ಸುತ್ತುತ್ತದೆ. ಹೀಟ್ ಕಡಿಮೆ ಆಗುವ ಬದಲು ಜಾಸ್ತಿಯೇ ಆಗಬಹುದು. ಮೊದಲು ಅದನ್ನು ವಾಪಸ್ ಹಾಕಿಸಿ.

ಹೆಜ್ಜೆ 2: ಎರಡೂ ಫ್ಯಾನ್ ಕೆಲಸ ಮಾಡುವ ರೀತಿ ತಿಳಿದುಕೊಳ್ಳಿ

ತೀರಾ ಹಳೆಯ ಲಾರಿ, ಜೀಪುಗಳಲ್ಲಿ ಫ್ಯಾನ್ ನೇರವಾಗಿ ಪುಲ್ಲಿಗೆ ಬಿಗಿದಿರುತ್ತಿತ್ತು. ಇಂಜಿನ್ ತಿರುಗಿದಷ್ಟೂ ಅದೂ ತಿರುಗುತ್ತದೆ. ಬೇಕೋ ಬೇಡವೋ, ಡೀಸೆಲ್ ತಿನ್ನುತ್ತಲೇ ಇರುತ್ತದೆ. ಆ ತಾಪತ್ರಯ ತಪ್ಪಿಸಲು ಬಂದಿದ್ದೇ ಕ್ಲಚ್.

ನಮ್ಮ ರಸ್ತೆಗಳಲ್ಲಿ ಜಾಸ್ತಿ ಕಾಣುವುದು ವಿಸ್ಕಸ್ ಕ್ಲಚ್. ಫ್ಯಾನಿನ ನಡುವೆ ಅಲ್ಯೂಮಿನಿಯಂ ಡಬ್ಬಿಯಂಥದ್ದು ಇದೆಯಲ್ಲ, ಅದೇ. ಒಳಗೆ ದಪ್ಪನೆಯ ಸಿಲಿಕೋನ್ ಆಯಿಲ್ ಇರುತ್ತದೆ. ಎದುರುಗಡೆ ಸುರುಳಿ ಅಥವಾ ಪಟ್ಟಿಯಂಥ ಬೈಮೆಟಲ್ (ಬಿಸಿಗೆ ಬಾಗುವ ಜೋಡಿ ಲೋಹ) ಇರುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಸುಮಾರು 65-75 ಡಿಗ್ರಿ ಮುಟ್ಟಿದಾಗ ಈ ಬೈಮೆಟಲ್ ತಿರುಗಿ ಒಳಗಿನ ವಾಲ್ವ್ ತೆರೆಯುತ್ತದೆ. ಆಯಿಲ್ ಎರಡು ತಟ್ಟೆಗಳ ಸಂದಿಗೆ ನುಗ್ಗುತ್ತದೆ. ಫ್ಯಾನ್ ಹಿಡಿತಕ್ಕೆ ಸಿಕ್ಕಿ 'ಗುಂಯ್' ಎಂದು ಎದ್ದು ಓಡುತ್ತದೆ. ತಣ್ಣಗಾದ ಮೇಲೆ ಆಯಿಲ್ ವಾಪಸ್ ಹೋಗಿ ಫ್ಯಾನ್ ಸಡಿಲವಾಗುತ್ತದೆ. ಬಿ.ಎಸ್.6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಇದೇ ಕ್ಲಚ್‌ಗೆ ವೈರ್ ಬಂದಿರುವುದನ್ನೂ ಕಾಣುತ್ತೀರಿ. ಅವುಗಳಲ್ಲಿ ವಾಲ್ವ್ ತೆರೆಯುವುದು ಬೈಮೆಟಲ್ ಅಲ್ಲ, ಇಂಜಿನ್ನಿನ ಕಂಪ್ಯೂಟರ್ ಆದ ಇ.ಸಿ.ಯು.

ಈ ಸಡಿಲಿಕೆಯಿಂದ ಎಷ್ಟು ಉಳಿತಾಯ ಗೊತ್ತಾ? ಫ್ಯಾನ್ ತಿನ್ನುವ ಶಕ್ತಿ ಅದರ ವೇಗದ ಘನದಂತೆ ಏರುತ್ತದೆ. ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಸರಿಯಾಗಿ ಕೆಲಸ ಮಾಡುವ ಕ್ಲಚ್ ಇದ್ದರೆ ಹೈವೇಯಲ್ಲಿ ಫ್ಯಾನ್ ತಿನ್ನುವ ಡೀಸೆಲ್ ಆಗಲೇ ತುಂಬ ಕಡಿಮೆ. "ಎಲೆಕ್ಟ್ರಿಕ್ ಹಾಕಿ ಮೈಲೇಜ್ ಬಂತು" ಎನ್ನುವವರ ಗಾಡಿಯಲ್ಲಿ ಬಹಳ ಸಲ ಹಳೇ ಕ್ಲಚ್ ಜಾಮ್ ಆಗಿ ಸದಾ ಹಿಡಿದಿರುತ್ತದೆ.

ಎಲೆಕ್ಟ್ರಿಕ್ ಫ್ಯಾನ್ ಕಥೆ ಸರಳ. ಮೋಟಾರು, ರೆಕ್ಕೆ, ರಿಲೇ, ನೀರಿನ ಬಿಸಿ ನೋಡುವ ಒಂದು ಸ್ವಿಚ್. ಇಂಜಿನ್ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾರುಗಳಲ್ಲಿ ಇದೇ ಇರುವುದಕ್ಕೆ ಒಂದು ಕಾರಣ ಇಂಜಿನ್ ಕೂರಿಸಿದ ರೀತಿ. ಬಹುತೇಕ ಕಾರುಗಳಲ್ಲಿ ಇಂಜಿನ್ ಅಡ್ಡಡ್ಡ ಇರುತ್ತದೆ, ಪುಲ್ಲಿ ರೇಡಿಯೇಟರ್ ಕಡೆ ಮುಖ ಮಾಡಿರುವುದೇ ಇಲ್ಲ. ಬೆಲ್ಟಿನಲ್ಲಿ ಫ್ಯಾನ್ ತಿರುಗಿಸುವುದಾದರೂ ಹೇಗೆ?

ಹೆಜ್ಜೆ 3: ಇರುವ ಕ್ಲಚ್ ಬದುಕಿದೆಯಾ ನೋಡಿ

ಇದಕ್ಕೆ ಹತ್ತು ನಿಮಿಷ ಸಾಕು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮಾಡಿ. ಕೀ ನಿಮ್ಮ ಜೇಬಿನಲ್ಲಿರಲಿ.

ಮೊದಲು ರೆಕ್ಕೆಯನ್ನು ಕೈಯಿಂದ ತಿರುಗಿಸಿ ಬಿಡಿ. ಜೇನಿನಲ್ಲಿ ಚಮಚ ಆಡಿಸಿದ ಹಾಗೆ ಒಂದೇ ಸಮನೆ ಬಿಗಿ ಇರಬೇಕು. ಕೈ ಬಿಟ್ಟ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು ಹೋಗಿ ನಿಲ್ಲಬೇಕು. ಬುಗುರಿಯಂತೆ ಮೂರ್ನಾಲ್ಕು ಸುತ್ತು ಹೋದರೆ ಒಳಗಿನ ಆಯಿಲ್ ಹೋಗಿದೆ. ತಿರುಗುವುದೇ ಇಲ್ಲ ಎಂದರೆ ಜಾಮ್ ಆಗಿದೆ.

ಆಮೇಲೆ ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ತುದಿಯಲ್ಲಿ 6 ಮಿ.ಮೀ. ದಾಟಿ ಆಡಿದರೆ ಬೇರಿಂಗ್ ಹೋಗಿದೆ. ಆಡುತ್ತಿರುವುದು ಕ್ಲಚ್ಚೋ, ವಾಟರ್ ಪಂಪಿನ ಶಾಫ್ಟೋ ಎಂದು ಗಮನಿಸಿ. ಕ್ಲಚ್ ಡಬ್ಬಿಯ ಮೇಲೆ ನಡುವಿನಿಂದ ಹೊರಕ್ಕೆ ಎಣ್ಣೆಯ ಗೆರೆ ಎದ್ದು, ಅದಕ್ಕೆ ಧೂಳು ಮೆತ್ತಿಕೊಂಡಿದ್ದರೆ ಆಯಿಲ್ ಸೋರುತ್ತಿದೆ ಎಂದರ್ಥ. ರೆಕ್ಕೆಯ ಬುಡದಲ್ಲಿ ಕೂದಲೆಳೆಯ ಬಿರುಕು ಕಂಡರೂ ಆ ಫ್ಯಾನ್ ಬೇಡ. ಅಂಟು ಹಚ್ಚುವ, ವೆಲ್ಡಿಂಗ್ ಮಾಡುವ ಮಾತೇ ಬೇಡ. ಸಾವಿರಾರು ಸುತ್ತಿನಲ್ಲಿ ಕಳಚಿದ ರೆಕ್ಕೆ ರೇಡಿಯೇಟರ್ ಸೀಳಿ ಆಚೆ ಬರುತ್ತದೆ.

ಈಗ ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷ ಫ್ಯಾನ್ ಜೋರಾಗಿ ಕೂಗಿ ಆಮೇಲೆ ಸುಮ್ಮನಾಗುತ್ತದೆ. ರಾತ್ರಿಯಿಡೀ ನಿಂತಾಗ ಆಯಿಲ್ ತಟ್ಟೆಗಳ ಸಂದಿಗೆ ಇಳಿದಿರುತ್ತದೆ, ಅದಕ್ಕೇ ಹಾಗೆ. ಇದು ರೋಗವಲ್ಲ. ಎಷ್ಟೋ ಜನ ಇದನ್ನೇ ಕೇಳಿ "ಕ್ಲಚ್ ಹೋಯ್ತು" ಎಂದು ಹೊಸದು ಕೊಂಡಿದ್ದಾರೆ.

ಕೊನೆಯ ಪರೀಕ್ಷೆ ಬಿಸಿಯಲ್ಲಿ. ರೇಡಿಯೇಟರ್ ಎದುರಿಗೆ ದಪ್ಪ ರಟ್ಟು ಇಟ್ಟು, ಇಂಜಿನ್ನನ್ನು ಸ್ವಲ್ಪ ರೇಸ್‌ನಲ್ಲಿಟ್ಟು ಮುಳ್ಳು ನೋಡುತ್ತಿರಿ. ಬಿಸಿ ಏರುತ್ತಿದ್ದಂತೆ ಫ್ಯಾನಿನ ಸದ್ದು ಬದಲಾಗಿ ಗಾಳಿಯ ಮೊರೆತ ಬರಬೇಕು. ಮುಳ್ಳು ಕೆಂಪು ಮುಟ್ಟುವ ಮುಂಚೆ ರಟ್ಟು ತೆಗೆಯಿರಿ. ಮೊರೆತ ಬರಲೇ ಇಲ್ಲವಾ? ಕ್ಲಚ್ ಬದಲಿಸಿ. ಈ ಹೊತ್ತಿನಲ್ಲಿ ಯಾರೂ ಫ್ಯಾನಿನ ಅಂಚಿನ ನೇರಕ್ಕೆ ನಿಲ್ಲಬಾರದು. ಲುಂಗಿ, ಟವೆಲು, ಉದ್ದ ತೋಳಿನ ಅಂಗಿ ದೂರವೇ ಇರಲಿ.

ವೈರ್ ಇರುವ ಕ್ಲಚ್ ಆದರೆ ಈ ರಟ್ಟಿನ ಆಟ ಬೇಡ. ಅದನ್ನು ಸ್ಕ್ಯಾನರ್ ಹಾಕಿ ನೋಡಬೇಕು.

ಹೆಜ್ಜೆ 4: ಘಾಟಿಯೋ, ಟ್ರಾಫಿಕ್ಕೋ?

ನನ್ನ ಪ್ರಕಾರ ಇಡೀ ನಿರ್ಧಾರದ ಅರ್ಧ ಭಾಗ ಇಲ್ಲೇ ಇದೆ.

ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಫುಲ್ ಲೋಡ್ ಹತ್ತುವಾಗ ಇಂಜಿನ್ ತನ್ನ ಪೂರ್ತಿ ಶಕ್ತಿ ಹಾಕುತ್ತಿರುತ್ತದೆ. ಗಾಡಿಯ ವೇಗ ಮಾತ್ರ 15-20. ಎದುರುಗಾಳಿ ಇಲ್ಲ, ಬಿಸಿ ಮಾತ್ರ ರಾಶಿ. ಆಗ ಕ್ಲಚ್ ಫ್ಯಾನ್ ಇಂಜಿನ್ನಿನ ಜೊತೆಗೇ ಏರಿದ ವೇಗದಲ್ಲಿ ತಿರುಗುತ್ತದೆ. ಅನುಭವಿ ಡ್ರೈವರ್ ಮುಳ್ಳು ಏರಿದ ಕೂಡಲೇ ಒಂದು ಗೇರ್ ಇಳಿಸುವುದು ಸುಮ್ನೆ ಅಲ್ಲ. ಇಂಜಿನ್ ಸುತ್ತು ಹೆಚ್ಚಿದರೆ ಫ್ಯಾನೂ ವಾಟರ್ ಪಂಪೂ ಜೋರಾಗುತ್ತವೆ. ಎಲೆಕ್ಟ್ರಿಕ್ ಫ್ಯಾನಿಗೆ ಗೇರ್ ಇಳಿಸಿದ್ದೂ ಗೊತ್ತಿಲ್ಲ, ಘಾಟಿ ಬಂದಿದ್ದೂ ಗೊತ್ತಿಲ್ಲ. ಅದರ ವೇಗ ಅಷ್ಟೇ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಇಂಜಿನ್ ಐಡಲ್‌ನಲ್ಲಿ ನಿಮಿಷಕ್ಕೆ 700 ಸುತ್ತಿನ ಆಸುಪಾಸು ಇದೆ. ಕ್ಲಚ್ ಪೂರ್ತಿ ಹಿಡಿದರೂ ಫ್ಯಾನ್ ಮೆಲ್ಲಗೇ ತಿರುಗುತ್ತದೆ. ಎ.ಸಿ. ಬೇರೆ ಹಾಕಿದ್ದೀರಿ. ಎಲೆಕ್ಟ್ರಿಕ್ ಆದರೆ ಇಲ್ಲಿ ಪೂರ್ತಿ ವೇಗದಲ್ಲಿ ಗಾಳಿ ಎಳೆಯುತ್ತದೆ. ಊರೊಳಗೆ ಹಾಲು, ತರಕಾರಿ, ಪಾರ್ಸೆಲ್ ಹಂಚುವ ಸಣ್ಣ ಗಾಡಿಗೆ ಇದು ನಿಜವಾದ ಲಾಭ.

ಮಳೆಗಾಲದಲ್ಲಿ ಹಳ್ಳ ದಾಟುವ ಜೀಪು, ಪಿಕಪ್ಪುಗಳ ಲೆಕ್ಕ ಬೇರೆ. ಆಳದ ನೀರಿಗೆ ಇಳಿದಾಗ ಇಂಜಿನ್ ತಿರುಗಿಸುವ ಪ್ಲಾಸ್ಟಿಕ್ ಫ್ಯಾನ್ ಬಾಗಿ ರೇಡಿಯೇಟರ್‌ಗೆ ತಾಗುವ ಅಪಾಯ ಇದೆ. ಎಲೆಕ್ಟ್ರಿಕ್ ಆದರೆ ನೀರಿಗೆ ಇಳಿಯುವ ಮುಂಚೆ ಸ್ವಿಚ್ ಆರಿಸಬಹುದು.

ಹೆಜ್ಜೆ 5: ಆಂಪ್ ಲೆಕ್ಕ ಹಾಕಿ

ಪೆನ್ನು ಹಿಡಿಯಿರಿ. ಆಂಪ್ ಅಂದರೆ ಕರೆಂಟಿನ ಅಳತೆ. ದೊಡ್ಡ ಲಾರಿಯ ಫ್ಯಾನ್ ಪೂರ್ತಿ ಹಿಡಿದು ಓಡುವಾಗ 20 ಎಚ್‌ಪಿ ತಿನ್ನುತ್ತದೆ ಎಂದು ಇಟ್ಟುಕೊಳ್ಳೋಣ. ಭಾರೀ ಟ್ರೇಲರ್‌ಗಳಲ್ಲಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್. 20 ಎಚ್‌ಪಿ ಅಂದರೆ ಸುಮಾರು 14,900 ವ್ಯಾಟ್. 24 ವೋಲ್ಟ್ ಗಾಡಿ ಓಡುವಾಗ ಸುಮಾರು 28 ವೋಲ್ಟ್ ಇರುತ್ತದೆ. ಭಾಗಿಸಿ: 530 ಆಂಪ್ ಮೇಲೆ ಬೇಕು! ನಿಮ್ಮ ಆಲ್ಟರ್ನೇಟರ್ ಮೇಲಿನ ಚೀಟಿ ನೋಡಿ. 100 ಆಂಪ್ ಇದ್ದರೂ ಅದು ಕೊಡುವುದು 2,800 ವ್ಯಾಟ್, ಅಂದರೆ ನಾಲ್ಕು ಎಚ್‌ಪಿಗೂ ಕಡಿಮೆ. ಅದರಲ್ಲೇ ಲೈಟು, ವೈಪರು, ಬ್ಯಾಟರಿ ಚಾರ್ಜು ಎಲ್ಲ ನಡೆಯಬೇಕು.

ಸಾಮಾನ್ಯವಾಗಿ ಸಿಗುವ 12 ವೋಲ್ಟ್ ಎಲೆಕ್ಟ್ರಿಕ್ ಫ್ಯಾನ್ 30 ಆಂಪ್ ಎಳೆದರೆ 400 ವ್ಯಾಟ್ ಆಯಿತು. ಅರ್ಧ ಎಚ್‌ಪಿ ಚಿಲ್ಲರೆ. 20 ಎಚ್‌ಪಿ ಫ್ಯಾನ್ ತೆಗೆದು ಆ ಜಾಗಕ್ಕೆ ಇಂಥವು ಎರಡು ಕೂರಿಸಿದರೆ ಏನಾಗುತ್ತದೆ?

ಏನಾಗುತ್ತದೆ ಎಂದು ನನಗೆ ಗೊತ್ತು, ಯಾಕೆಂದರೆ ನಾನೂ ಮಾಡಿಸಿದ್ದೆ. ಹಳೇ ಕ್ಯಾಂಟರ್, ಕ್ಲಚ್ ಸತ್ತಿತ್ತು. ಹೊಸ ಕ್ಲಚ್‌ಗಿಂತ ಕಡಿಮೆ ದುಡ್ಡಿಗೆ ಎರಡು ಎಲೆಕ್ಟ್ರಿಕ್ ಫ್ಯಾನ್ ಬಂದವು. ಹಾಸನದಲ್ಲಿ ಒಂದು ವಾರ ಓಡಿತು, ಮುಳ್ಳು ಅಲ್ಲಾಡಲಿಲ್ಲ. ನಾನು ಬೀಗಿದ್ದೇ ಬೀಗಿದ್ದು. ಆಮೇಲೆ ಮಂಗಳೂರಿನಿಂದ ಟೈಲ್ಸ್ ತುಂಬಿಕೊಂಡು ಹೊರಟೆವು. ಗುಂಡ್ಯ ದಾಟಿ ಆರೇಳು ಕಿಲೋಮೀಟರ್‌ಗೆ ಆವಿ ಎದ್ದಿತು. ಎರಡೂ ಫ್ಯಾನ್ ಚೆನ್ನಾಗಿಯೇ ತಿರುಗುತ್ತಿದ್ದವು, ಪಾಪ. ಅವುಗಳ ಕೈಲಿ ಆಗುವ ಕೆಲಸ ಅದಾಗಿರಲಿಲ್ಲ. ಹೆಡ್ ಗ್ಯಾಸ್ಕೆಟ್ ಬಿಲ್ಲಿನಲ್ಲಿ ಹೊಸ ಕ್ಲಚ್ ಎರಡು ಬರುತ್ತಿತ್ತು.

ಸಣ್ಣ ಪಿಕಪ್ಪಿನ ಲೆಕ್ಕ ಹೀಗೆ. ಆಲ್ಟರ್ನೇಟರ್ 80 ಆಂಪ್ ಎಂದುಕೊಳ್ಳಿ. ಹೆಡ್‌ಲೈಟ್‌ಗೆ 10, ಎ.ಸಿ. ಬ್ಲೋವರ್‌ಗೆ 15-20, ವೈಪರ್‌ಗೆ 5, ಇಂಜಿನ್ನಿನ ಎಲೆಕ್ಟ್ರಾನಿಕ್ಸ್‌ಗೆ 10. ಇದಕ್ಕೆ ಫ್ಯಾನಿನ 30 ಸೇರಿಸಿದರೆ 75. ಕಾಗದದ ಮೇಲೆ ಸಾಲುತ್ತದೆ. ಐಡಲ್‌ನಲ್ಲಿ ಆಲ್ಟರ್ನೇಟರ್ ಪೂರ್ತಿ ಕೊಡುವುದಿಲ್ಲ, ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಮಳೆಯ ರಾತ್ರಿ ಟ್ರಾಫಿಕ್‌ನಲ್ಲಿ ಉಳಿದದ್ದು ಬ್ಯಾಟರಿಯಿಂದ ಹೋಗುತ್ತದೆ. ಹಾಗಾಗಿ ಸಣ್ಣ ಗಾಡಿಗೂ ದೊಡ್ಡ ಆಲ್ಟರ್ನೇಟರ್ ಬೇಕಾಗಬಹುದು. ಆ ಖರ್ಚನ್ನೂ ಫ್ಯಾನಿನ ಬೆಲೆಗೆ ಸೇರಿಸಿ ನೋಡಿ.

ಹೆಜ್ಜೆ 6: ತೀರ್ಮಾನ

ಲಾರಿ, ಟಿಪ್ಪರ್, ಟ್ರೇಲರ್, ಕ್ಯಾಂಟರ್: ಕ್ಲಚ್ ಫ್ಯಾನೇ ಇರಲಿ, ಯೋಚನೆ ಬೇಡ. ಘಾಟಿ ಮುಖ ನೋಡದ ಗಾಡಿಗೂ ಇದೇ ಮಾತು. ಇವತ್ತು ಬಯಲುಸೀಮೆಯಲ್ಲಿ ಓಡುವ ಲಾರಿಗೆ ನಾಳೆ ಅರಬೈಲ್ ಘಾಟಿ ದಾಟಿ ಅಂಕೋಲೆಗೆ ಹೋಗಿ ಬರುವ ಬಾಡಿಗೆ ಬಂದರೆ ಬೇಡ ಎನ್ನುತ್ತೀರಾ?

ಬಿ.ಎಸ್.6 ಗಾಡಿ ಯಾವುದೇ ಇರಲಿ, ಕಂಪನಿ ಕೊಟ್ಟ ಫ್ಯಾನ್ ಬಿಟ್ಟು ಬೇರೆ ಹಾಕಬೇಡಿ. ಇ.ಜಿ.ಆರ್. ಕೂಲರ್ (ಇಂಜಿನ್‌ಗೆ ವಾಪಸ್ ಬಿಡುವ ಹೊಗೆಯನ್ನು ತಣಿಸುವ ಭಾಗ) ಇದ್ದರೆ ಅದರ ಬಿಸಿಯೂ ಅದೇ ಕೂಲಂಟ್‌ಗೆ ಬರುತ್ತದೆ. ಕ್ಲಚ್‌ನ ವೈರ್ ಕಿತ್ತರೆ ಚೆಕ್ ಲೈಟ್ ಹತ್ತುತ್ತದೆ, ಇಂಜಿನ್ ಪಿಕಪ್ ಕಟ್ ಮಾಡಬಹುದು, ವಾರಂಟಿಗೂ ಕಲ್ಲು ಬೀಳುತ್ತದೆ. 2025ರಿಂದ ಹೊಸ ಲಾರಿ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ. ಅಂದರೆ ರೇಡಿಯೇಟರ್ ಎದುರಿನ ಬಿಸಿ ಇನ್ನೂ ಹೆಚ್ಚಿತು.

ಊರೊಳಗೇ ಓಡುವ ಹಳೇ ಸಣ್ಣ ಪಿಕಪ್, ಹಳ್ಳ-ಕೊಳ್ಳ ದಾಟುವ ಹಳೇ ಜೀಪು, ನೇರ ಫ್ಯಾನ್ ಇರುವ ಹಳೇ ಸಣ್ಣ ಗಾಡಿ: ಇವಕ್ಕೆ ಎಲೆಕ್ಟ್ರಿಕ್ ಯೋಚಿಸಬಹುದು. ಎ.ಸಿ. ಇರುವ ಗಾಡಿಗೆ ಇನ್ನೊಂದು ದಾರಿಯೂ ಇದೆ. ಕ್ಲಚ್ ಫ್ಯಾನ್ ಹಾಗೇ ಬಿಟ್ಟು, ಕಂಡೆನ್ಸರ್ ಮುಂದೆ ಒಂದು ಸಣ್ಣ ಎಲೆಕ್ಟ್ರಿಕ್ ಫ್ಯಾನ್ ಕೂರಿಸುವುದು. ಟ್ರಾಫಿಕ್‌ಗೆ ಎಲೆಕ್ಟ್ರಿಕ್, ಘಾಟಿಗೆ ಕ್ಲಚ್. ನನಗೆ ಇಷ್ಟವಾದ ಜೋಡಿ ಇದೇ.

ಹೆಜ್ಜೆ 7: ಕ್ಲಚ್ ಹಾಕುವಾಗ

ಪಾರ್ಟ್ ನಂಬರ್ ಹೋಲಿಸಿ ತನ್ನಿ. ನೋಡಲು ಒಂದೇ ಥರ ಇರುವ ಕ್ಲಚ್‌ಗಳು ಬೇರೆ ಬೇರೆ ಬಿಸಿಗೆ ಹಿಡಿಯುತ್ತವೆ. ಅಂಗಡಿಯಿಂದ ತರುವಾಗ, ಗೋಡೌನ್‌ನಲ್ಲಿ ಇಡುವಾಗ ಗಾಡಿಯಲ್ಲಿ ಕೂರುವ ಹಾಗೆಯೇ ನೆಟ್ಟಗೆ ಇಡಬೇಕು. ಮಕಾಡೆ ಮಲಗಿಸಿದರೆ ಆಯಿಲ್ ಸೋರಬಹುದು. ಕೆಲವು ಇಂಜಿನ್‌ಗಳಲ್ಲಿ ದೊಡ್ಡ ನಟ್ಟು ಉಲ್ಟಾ ಥ್ರೆಡ್ ಇರುತ್ತದೆ. ಬಲ ಹಾಕುವ ಮುಂಚೆ ಅದನ್ನು ನೋಡಿ. ಬೆಲ್ಟೂ ಹಳತಾಗಿದ್ದರೆ ಈಗಲೇ ಬದಲಿಸಿ.

ಶ್ರೌಡ್ ಬಗ್ಗೆ ಒತ್ತಿ ಹೇಳಬೇಕು. ಒಡೆದ ಶ್ರೌಡನ್ನು ಕಿತ್ತು ಬಿಸಾಡಿ, ಫ್ಯಾನ್ ಮಾತ್ರ ತಿರುಗುತ್ತಿರುವ ಲಾರಿಗಳು ಲೆಕ್ಕವಿಲ್ಲದಷ್ಟು. ಶ್ರೌಡ್ ಇಲ್ಲದಿದ್ದರೆ ಫ್ಯಾನ್ ಇಂಜಿನ್ ಕಡೆಯ ಬಿಸಿ ಗಾಳಿಯನ್ನೇ ಸುತ್ತಿ ಸುತ್ತಿ ಎಳೆಯುತ್ತದೆ. ರೆಕ್ಕೆಯ ಅರ್ಧದಷ್ಟು ಅಗಲ ಶ್ರೌಡ್ ಒಳಗೆ, ಉಳಿದದ್ದು ಹೊರಗೆ ಇರಬೇಕು. ತುದಿಗೂ ಶ್ರೌಡ್‌ಗೂ ಸಂದಿ ಸುತ್ತಲೂ ಸಮನಾಗಿ ಎರಡು ಸೆಂಟಿಮೀಟರ್ ಆಸುಪಾಸು ಇರಲಿ. ತೀರಾ ಹತ್ತಿರವಾದರೆ ಇಂಜಿನ್ ಅಲುಗಿದಾಗ ತಾಗುತ್ತದೆ.

ದಾರಿಯಲ್ಲಿ ಕ್ಲಚ್ ಹೋದರೆ ಬೋಲ್ಟ್ ಹಾಕಿ ಲಾಕ್ ಮಾಡುವ ವ್ಯವಸ್ಥೆ ಕೆಲವದರಲ್ಲಿ ಇದೆ. ಮನೆ ಮುಟ್ಟಲು ಅದು ಸರಿ. ಅದನ್ನೇ ಆರು ತಿಂಗಳು ಓಡಿಸಿದರೆ ಡೀಸೆಲ್ಲೂ ಹೋಗುತ್ತದೆ, ವಾಟರ್ ಪಂಪ್ ಬೇರಿಂಗೂ ಹೋಗುತ್ತದೆ. ವೆಲ್ಡಿಂಗ್ ಮಾಡಿ ಕೂರಿಸುವವರಿಗೆ ಕೈ ಮುಗಿಯುತ್ತೇನೆ.

ಹೆಜ್ಜೆ 8: ಎಲೆಕ್ಟ್ರಿಕ್ ಹಾಕುವುದೇ ಆದರೆ

ಬ್ಯಾಟರಿ ಮೈನಸ್ ಬಿಚ್ಚಿ. ಈ ಫ್ಯಾನ್ ಇಂಜಿನ್ ಆಫ್ ಆಗಿದ್ದಾಗಲೂ ತಾನಾಗಿ ತಿರುಗಬಹುದು, ಬೆರಳು ಹೋಗುತ್ತದೆ.

ಫ್ಯಾನ್ ರೇಡಿಯೇಟರ್ ಹಿಂದೆ ಕೂತು ಗಾಳಿ ಎಳೆಯುವಂತಿರಲಿ, ಶ್ರೌಡ್ ಸಮೇತ ಇರುವುದನ್ನೇ ಕೊಳ್ಳಿ. ರೇಡಿಯೇಟರ್ ಫಿನ್‌ಗಳ ಮೂಲಕ ಪ್ಲಾಸ್ಟಿಕ್ ಟ್ಯಾಗ್ ತೂರಿಸಿ ಕಟ್ಟಬೇಡಿ. ಅಲುಗಾಟಕ್ಕೆ ಟ್ಯೂಬ್ ಸವೆದು ತೂತಾಗುತ್ತದೆ. ಚೌಕಟ್ಟಿಗೆ ಪಟ್ಟಿ ಕೊಟ್ಟು ಬೋಲ್ಟ್ ಮಾಡಿ.

ವೈರಿಂಗ್‌ನಲ್ಲಿ ಕಂಜೂಸಿ ಬೇಡ. 30 ಆಂಪ್ ಫ್ಯಾನಿಗೆ 6 ಚದರ ಮಿ.ಮೀ. ತಾಮ್ರದ ವೈರು, 40 ಆಂಪ್ ಫ್ಯೂಸು, ಅಷ್ಟು ಕರೆಂಟ್ ತಾಳುವ ಒಳ್ಳೆಯ ರಿಲೇ. ಮೋಟಾರು ಹೊರಡುವ ಕ್ಷಣದಲ್ಲಿ ಎರಡು ಮೂರು ಪಟ್ಟು ಕರೆಂಟ್ ಎಳೆಯುತ್ತದೆ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಮೈನಸ್ ವೈರನ್ನು ತುಕ್ಕು ಹಿಡಿದ ಚಾಸಿಸ್‌ಗೆ ಕೊಡದೆ ನೇರ ಬ್ಯಾಟರಿಗೆ ಎಳೆಯಿರಿ.

ಬಿಸಿ ಸ್ವಿಚ್ ಕೊಳ್ಳುವಾಗ ಥರ್ಮೋಸ್ಟಾಟ್ ಮೇಲಿನ ನಂಬರ್ ನೋಡಿ. 82 ಡಿಗ್ರಿಗೆ ತೆರೆಯಲು ಶುರುವಾದರೆ ಫ್ಯಾನ್ 92-95ಕ್ಕೆ ಹತ್ತಿ 87ರ ಸುಮಾರಿಗೆ ಆರಲಿ. 80ಕ್ಕೇ ಹತ್ತುವ ಸ್ವಿಚ್ ಹಾಕಿದರೆ ಫ್ಯಾನ್ ನಿಲ್ಲುವುದೇ ಇಲ್ಲ. ಎ.ಸಿ. ಹಾಕಿದಾಗಲೂ ಹತ್ತುವಂತೆ ಇನ್ನೊಂದು ವೈರ್ ಕೊಡಿ. ಡ್ಯಾಶ್‌ಬೋರ್ಡ್‌ನಲ್ಲಿ ಕೈ ಸ್ವಿಚ್ಚೂ ಒಂದಿರಲಿ. ಬಿಸಿ ಸ್ವಿಚ್ ಕೈ ಕೊಟ್ಟ ದಿನ ಅದು ಕಾಪಾಡುತ್ತದೆ.

ಹೆಜ್ಜೆ 9: ಲೋಡ್ ಹಾಕಿ ನೋಡಿ

ಶೆಡ್ಡಿನಲ್ಲಿ ನಿಲ್ಲಿಸಿ "ಓಕೆ" ಎನ್ನಬೇಡಿ. ಎಲೆಕ್ಟ್ರಿಕ್ ಆದರೆ ಮೊದಲು ಐಡಲ್‌ನಲ್ಲಿ ಲೈಟು, ಎ.ಸಿ., ವೈಪರು, ಫ್ಯಾನ್ ಎಲ್ಲ ಹಾಕಿ ಬ್ಯಾಟರಿಗೆ ಮೀಟರ್ ಹಿಡಿಯಿರಿ. 12 ವೋಲ್ಟ್ ಗಾಡಿಯಲ್ಲಿ 13ಕ್ಕಿಂತ ಕೆಳಗೆ ಜಾರುತ್ತಾ ಹೋದರೆ ಆಲ್ಟರ್ನೇಟರ್ ಸಾಲುತ್ತಿಲ್ಲ.

ಆಮೇಲೆ ಫುಲ್ ಲೋಡಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಒಂದು ಏರು ಹತ್ತಿಸಿ. ನಿಲ್ಲಿಸಲು ಜಾಗ ಇರುವ ಏರು ಆರಿಸಿಕೊಳ್ಳಿ. ಮುಳ್ಳು ಒಂದು ಕಡೆ ಏರಿ ಅಲ್ಲೇ ನಿಂತರೆ ಸರಿ. ಏರುತ್ತಲೇ ಹೋದರೆ ಗೇರ್ ಇಳಿಸಿ, ಎ.ಸಿ. ಆರಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಿ, ಜಾಗ ಸಿಕ್ಕ ಕಡೆ ಪಕ್ಕಕ್ಕೆ ನಿಲ್ಲಿಸಿ. ಮುಳ್ಳು ಕೆಂಪು ಮುಟ್ಟಿಲ್ಲ, ನೀರು ಚೆಲ್ಲುತ್ತಿಲ್ಲ ಎಂದರೆ ಕೂಡಲೇ ಇಂಜಿನ್ ಆಫ್ ಮಾಡಬೇಡಿ, ಎರಡು ನಿಮಿಷ ಐಡಲ್‌ನಲ್ಲಿ ಬಿಡಿ. ರೇಡಿಯೇಟರ್ ಕ್ಯಾಪನ್ನು ಮಾತ್ರ ಆರುವ ತನಕ ಮುಟ್ಟಬೇಡಿ, ಅರ್ಧ ಗಂಟೆ ಆದರೂ ಆಗಲಿ.

ಎಲೆಕ್ಟ್ರಿಕ್ ಹಾಕಿಸಿದವರು ತೆಗೆದ ಹಳೇ ಫ್ಯಾನ್, ಕ್ಲಚ್, ಶ್ರೌಡ್, ಬೋಲ್ಟುಗಳನ್ನು ಗುಜರಿಗೆ ಹಾಕಬೇಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ನನ್ನದು ಗುಜರಿಗೆ ಹೋಗಿತ್ತು. ಶ್ರೌಡ್ ಒಂದಕ್ಕೇ ನಾಲ್ಕು ದಿನ ಹುಡುಕಿದೆ.